ಕೂಸಿನ ಬಿಸಿ

ನನ್ನ ಮಗಳು ಹುಟ್ಟಿದ ಆಸ್ಪತ್ರೆಯ ಆ ನರ್ಸಿಗೆ ತಣ್ಣನೆಯ ಕೈ ಎಂದರೆ ಆಗದು. ವಿಶಾಖಪಟ್ಟಣಕ್ಕೆ ಸೊಸೆಯಾಗಿ ಬಂದ ಹುಬ್ಬಳ್ಳಿಯವರು. ಹಸುಗೂಸುಗಳನ್ನು ಮುಟ್ಟುವ ಮೊದಲು ಕೈ ತೊಳೆದು, ಒರೆಸಿ, ಅಂಗೈ ಬಿಸಿಯಾಗುವ ತನಕ ಉಜ್ಜಿಕೊಳ್ಳುವರು.

"ಕೂಸಿನ ಬಿಸಿ ಎಲ್ಲಾನೂ ಕುಡಿತಾವ್ರಿ. ಗಾಳಿ, ಗ್ವಾಡಿ, ನಮ್ಮ ಕೈ," ಎನ್ನುವುದು ಅವರ ಮಾತು.

ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಹೆಂಡತಿ ಆಪರೇಷನ್ನಿನ ಮಂಪರಿನಲ್ಲಿದ್ದಳು. ಎಷ್ಟು ಸುತ್ತಿದರೂ ಕೂಸಿನ ಪಾದ ತಣ್ಣಗೇ ಇತ್ತು. ಇನ್ನೊಂದು ಕಂಬಳಿ ತರಲೇ ಎಂದೆ.

"ಕಂಬಳಿಗೆ ತನ್ನ ಬಿಸಿ ಎಲ್ಲೈತ್ರಿ ಸರ? ಇದ್ದದ್ದು ಹಿಡಿತೈತಿ, ಅಷ್ಟ. ನೀವು ಅಂಗಿ ಬಿಚ್ರಿ."

ಎದುರಿಗೇ ಅತ್ತೆ. ನಾನು ಗುಂಡಿಗೆ ಕೈಹಾಕಿ ನಿಂತುಬಿಟ್ಟೆ. ನರ್ಸು ತೆಲುಗಿನಲ್ಲಿ ಏನೋ ಅಂದರು. ಅತ್ತೆ ಫ್ಯಾನ್ ಆರಿಸಿ, ಗೋಡೆಗೆ ಮುಖ ಮಾಡಿ ಕುಳಿತರು. ನಾನು ಅಂಗಿ ಬಿಚ್ಚಿದೆ. ನರ್ಸು ಟೋಪಿ ಹಾಕಿದ ಕೂಸನ್ನು ನನ್ನ ಬರಿಯೆದೆಗೆ ಒರಗಿಸಿ ಮೇಲೆ ಕಂಬಳಿ ಹೊದಿಸಿದರು.

"ಈಗ ನೀವ ಒಲಿ ಇದ್ದಂಗ. ಅಳ್ಳಾಡಬ್ಯಾಡ್ರಿ."

ಕೆಮ್ಮು ಬಂದರೂ ತಡೆದುಕೊಂಡೆ. ಸಂಜೆ ನರ್ಸು ಬಂದು ಕೂಸಿನ ಪಾದ ಮುಟ್ಟಿದರು. ನನ್ನ ಕೈ ಹಿಡಿದು ಅದರ ಮೇಲಿಟ್ಟರು. ಬೆಚ್ಚಗಿತ್ತು. ಅತ್ತೆ ಗೋಡೆಯ ಕಡೆಯಿಂದಲೇ ಏನಾಯಿತೆಂದು ಕೇಳುತ್ತಿದ್ದರು. ನಾನು ಆ ಪಾದದ ಮೇಲಿಂದ ಕೈ ತೆಗೆಯಲಿಲ್ಲ.

ಮಗಳೀಗ ಶಾಲೆಗೆ ಹೋಗುತ್ತಾಳೆ. ರಜೆಯ ಮಧ್ಯಾಹ್ನಗಳಲ್ಲಿ ಅವಳು ಮಲಗಿದ್ದರೆ ನನ್ನ ಕೈ ತಾನಾಗಿ ಅವಳ ಪಾದ ಮುಟ್ಟಿ ನೋಡಿ, ಹೊದಿಕೆ ಎಳೆಯುತ್ತದೆ. ಅವಳು ಒದ್ದು ಬಿಸಾಡಿ, ತೆಲುಗಿನಲ್ಲಿ ಈ ಅಪ್ಪನನ್ನು ಗದರುತ್ತಾಳೆ.

"ನಾನ್ನಾ, ಉಕ್ಕಪೋತ!"

ಸೆಕೆಯಂತೆ. ಆಗಲಿ ತಾಯಿ, ಚೆನ್ನಾಗಿ ಸೆಕೆಯಾಗಲಿ.