ಎರಡನೇ ಕಾಯಿಲೆಗೆ ಜಾಗವಿಲ್ಲ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟು ಇನ್ನೂ ಕಣ್ಣು ಪಿಳುಕಿಸುತ್ತಿರುವಾಗಲೇ ಕಾರ್ಡಮ್ಮ ಏಣಿ ಹತ್ತಿದ್ದಾರೆ. ರೋಗಿಗಳ ಹಳೆಯ ಕಾರ್ಡುಗಳ ಕಟ್ಟು ಇಳಿಸಿ, ಧೂಳು ಕೊಡವಿ, ಒಂದೊಂದನ್ನೇ ಫೋಟೊ ತೆಗೆಯುತ್ತಾರೆ. ಎಂಟಕ್ಕೆ ಡ್ಯೂಟಿ. ಅಷ್ಟರೊಳಗೆ ನೂರಿಪ್ಪತ್ತು ಮುಗಿಯಬೇಕು. ತಿಂಗಳ ಕೊನೆಗೆ ಇವನ್ನೆಲ್ಲ ರದ್ದಿಗೆ ಹಾಕಿ, ಕೋಣೆಯನ್ನು ಅಧಿಕಾರಿಗಳ ಕಾರು ನಿಲ್ಲಿಸಲು ಕೊಡಬೇಕೆಂದು ಆದೇಶವಾಗಿದೆ.

ಇಪ್ಪತ್ತಾರು ವರ್ಷದಿಂದ ಈ ಕೋಣೆಯ ಉಸ್ತುವಾರಿ ಇವರದು. ನರ್ಸುಗಳು ಇಟ್ಟ ಅಡ್ಡಹೆಸರೇ ಗಟ್ಟಿಯಾಗಿ, ನಿಜವಾದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿದೆ.

ಕಳೆದ ವರ್ಷ ನರರೋಗ ವಿಭಾಗದ ಡಾಕ್ಟರೊಬ್ಬರು ಒಂದು ಪ್ರಶ್ನೆ ಹಿಡಿದುಕೊಂಡು ಇಲ್ಲಿಗೆ ಇಳಿದು ಬಂದರು. ಸರ್ಪಸುತ್ತಿನಂಥ ವೈರಸ್ ಸೋಂಕು ಮೈಯಲ್ಲೇ ಅಡಗಿ ಕೂತು, ಮುಪ್ಪಿನಲ್ಲಿ ಅಲ್ಝೈಮರ್ ಮರೆವಿಗೆ ದಾರಿ ಮಾಡುತ್ತದೆಯೇ? ಅನುಮಾನವಿದೆ, ಸಾಬೀತಾಗಿಲ್ಲ. ತಿಳಿಯಬೇಕಾದರೆ ಯಾರಿಗೆ ಯಾವಾಗ ಸೋಂಕು ಬಂದಿತ್ತೆಂಬುದು ಬೇಕು. ಈ ಫೋಟೊಗಳು ಅದಕ್ಕಾಗಿಯೇ.

ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಆಡಳಿತಾಧಿಕಾರಿ ಮೂಗು ಮುರಿದರು. ಇಲ್ಲ. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಿದವರು ಕಾಯಿಲೆಗೆಂದು ಇಟ್ಟದ್ದು ಒಂದೇ ಖಾನೆ. ಕಾಲು ಮುರಿದುಕೊಂಡು ಬಂದವರ ಬೆನ್ನ ಮೇಲೆ ಸರ್ಪಸುತ್ತು ಕಂಡು, ನರ್ಸು ಅದನ್ನು ಕಾರ್ಡಿನ ಅಂಚಿನಲ್ಲಿ ಬರೆದಿಟ್ಟಿದ್ದರೆ, ಕಂಪ್ಯೂಟರಿಗೆ ಹೋದದ್ದು ಮುರಿದ ಕಾಲು ಮಾತ್ರ. ನಿಂತ ಕಾಲಲ್ಲಿ ದುಡಿಯುತ್ತಲೇ ಅಷ್ಟು ನಿಗಾ ಇಟ್ಟವರ ಬರಹವನ್ನು ಜಾಗವಿಲ್ಲವೆಂದು ಕೈಬಿಟ್ಟರಲ್ಲ, ಕೇಳಿದರೆ ಪಿತ್ತ ನೆತ್ತಿಗೇರುತ್ತದೆ. ಸಂಶೋಧನೆಗೆ ಅನುಮತಿ ಕೊಟ್ಟ ಆಸ್ಪತ್ರೆ ಒಬ್ಬ ಸಹಾಯಕರನ್ನೂ ಕೊಟ್ಟಿಲ್ಲ.

"ಮರೆವಿಗೆ ಔಷಧಿ ಇಲ್ಲ ಅಂತ ಮೇಲೆ ಭಾಷಣ ಮಾಡ್ತಾರೆ. ಯಾಕೆ ಬರುತ್ತೆ ಅಂತ ಹುಡುಕೋ ಕಾಗದಾನ ಕೆಳಗೆ ರದ್ದಿಗೆ ಹಾಕ್ತಾರೆ. ಈಗ ಹೇಳಿ, ಮರೆವು ಯಾರಿಗೆ ಬಂದಿರೋದು?" ಎನ್ನುತ್ತಾರೆ ಕಾರ್ಡಮ್ಮ.

ಒಟ್ಟು ಹನ್ನೊಂದು ಸಾವಿರ ಕಾರ್ಡು. ನಾಲ್ಕು ಸಾವಿರ ದಾಟಿದೆ. ಉಳಿದದ್ದಕ್ಕೆ ಇನ್ನೆರಡು ತಿಂಗಳು ಬೇಕು, ಗಡುವಿಗೆ ಇರುವುದು ಒಂಬತ್ತು ದಿನ. ಕೀಲಿಕೈ ಒಪ್ಪಿಸಿ ಎಂದು ಎರಡು ನೋಟಿಸು ಬಂದಿವೆ. ಇವರು ಕಿವಿಗೇ ಹಾಕಿಕೊಂಡಿಲ್ಲ. ನಿವೃತ್ತಿಗೆ ಎಂಟು ತಿಂಗಳಿರುವಾಗ ಈ ಉಸಾಬರಿ ಯಾಕೆಂದು ಗಂಡ ಬೈಯುತ್ತಾರಂತೆ. ಬೈಯುತ್ತಲೇ ಊಟದ ಡಬ್ಬಿ ತುಂಬಿ ಕೊಡುತ್ತಾರಂತೆ.

ಮನೆಯಲ್ಲಿ ಎಂಬತ್ತೊಂದರ ತಾಯಿಯಿದ್ದಾರೆ. ನಾಲ್ಕು ವರ್ಷದಿಂದ ಮಗಳನ್ನೇ "ನೀವು ಯಾರ ಮನೆಯವರಮ್ಮಾ?" ಎಂದು ಕೇಳುತ್ತಾರೆ. ಮೊನ್ನೆ ಆ ತಾಯಿಯ ಕಾರ್ಡೇ ಕೈಗೆ ಸಿಕ್ಕಿತು. ಹಿಂದೊಮ್ಮೆ ಕಣ್ಣಿನ ಪೊರೆ ತೆಗೆಸಲು ಬಂದಾಗಿನದು. ಅಂಚಿನಲ್ಲಿ ಪೆನ್ಸಿಲ್ ಬರಹ: ಎಡ ಪಕ್ಕೆಯಲ್ಲಿ ಸರ್ಪಸುತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಪೊರೆಯಷ್ಟೇ ಇದೆ.

ಅದನ್ನು ಹೇಳುತ್ತಲೇ ಮುಂದಿನ ಕಟ್ಟಿನ ದಾರವನ್ನು ಸಿಟ್ಟಿನಿಂದ ಕಿತ್ತೆಳೆಯುತ್ತಾರೆ.

"ಇದೇ ಕಾರಣಾನಾ, ನಂಗೊತ್ತಿಲ್ಲ. ಅಲ್ಲ ಅಂತಾನೇ ಉತ್ತರ ಬರಲಿ, ಒಪ್ಕೋತೀನಿ. ನೋಡದೇನೇ ಅಲ್ಲ ಅನ್ನಬಾರದು. ರೋಗಿ ಯಾರು ಅಂತ ಗೊತ್ತಾಗಬಾರದಲ್ಲ, ಅದಕ್ಕೆ ಫೋಟೊ ತೆಗೆಯೋ ಮುಂಚೆ ಹೆಸರಿನ ಮೇಲೆ ಚೀಟಿ ಅಂಟಿಸಿ ನಂಬರ್ ಕೊಡಬೇಕು. ಅಮ್ಮನ ಹೆಸರನ್ನೂ ನಾನೇ ಮುಚ್ಚಿದೆ. ನಾಲ್ಕು ಸಾವಿರದ ಹದಿನಾರು. ಅವಳು ನನ್ನನ್ನ ಮರೆತಳು, ಹೋಗಲಿ. ಆ ನಂಬರನ್ನ ಮಾತ್ರ ಯಾರೂ ಮರೆಯೋಕೆ ನಾನು ಬಿಡಲ್ಲ."