ಓರಗಿತ್ತಿಯ ಹೂವಿಗೆ ಬಿದ್ದ ನುಸಿ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬ್ಯಾಗಿನ ಜಿಪ್ ಕೆಟ್ಟರೆ, ಜಾಕೆಟ್ಟಿನ ಜಿಪ್ ಹಲ್ಲು ಬಿಟ್ಟರೆ ಎಲ್ಲರೂ ಓಡುತ್ತಿದ್ದುದು ಅವಳ ಬಳಿಗೇ. ಹಾಗಾಗಿ ಚಿಕ್ಕವರಿಗೂ ದೊಡ್ಡವರಿಗೂ ಅವಳು ಜಿಪ್ ಚಿಕ್ಕಮ್ಮ. "ಊರಿಗೆಲ್ಲ ಜಿಪ್ ಹಾಕ್ತೀಯ, ನಿನ್ನ ಬಾಯಿಗೊಂದು ಹಾಕ್ಕೋಬಾರ್ದಾ?" ಎಂದು ಅವಳ ಓರಗಿತ್ತಿ ಹಂಗಿಸುತ್ತಿದ್ದಳು.

ಅಣ್ಣತಮ್ಮಂದಿರಿಬ್ಬರೂ ತೀರಿಕೊಂಡ ಮೇಲೆ ಎರಡನೇ ಮಹಡಿಯ ಆ ಬಾಡಿಗೆ ಮನೆಯಲ್ಲಿ ಉಳಿದವರು ಅವರ ಹೆಂಡತಿಯರಿಬ್ಬರೇ. ಹಿರಿಯವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಚಿಕ್ಕಮ್ಮ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದರೂ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಜಗಳಕ್ಕೆ ಮೂಲ ಕಿಟಕಿ. ಮನೆಯಲ್ಲಿ ಒಳ್ಳೆಯ ಬೆಳಕು ಬರುತ್ತಿದ್ದ ಒಂದೇ ಕಿಟಕಿಯ ಮುಂದೆ ಅಕ್ಕ ತನ್ನ ಆಫ್ರಿಕನ್ ವಯಲೆಟ್ ಗಿಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟಿದ್ದಳು. ಉಣ್ಣೆಯಂಥ ಎಲೆ, ಅಂಗೈಯಷ್ಟು ಕುಂಡ, ನಡುವೆ ಗೊಂಚಲು ಹೂವು. ಚಿಕ್ಕಮ್ಮನ ಹೊಲಿಗೆ ಯಂತ್ರ ಮಾತ್ರ ಅಡುಗೆಮನೆಯ ಬಾಗಿಲ ಹಿಂದಿನ ಕತ್ತಲಲ್ಲಿ.

"ಕಣ್ಣು ಹೋಗ್ತಿರೋದು ನಂದು, ಬೆಳಕು ಗಿಡಕ್ಕೆ" ಎಂದು ಚಿಕ್ಕಮ್ಮ ಗೊಣಗಿದರೆ, "ಗಿಡ ಬಾಯಿ ಮಾಡಲ್ಲ ನೋಡು, ಅದಕ್ಕೆ" ಎಂದು ಉತ್ತರ ಬರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕ ಹೊಟ್ಟೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕರುಳಿನ ಒಂದು ತುಂಡು ತೆಗೆದರು. ಆಪರೇಷನ್ ಚೆನ್ನಾಗಿ ಆಯಿತೆಂದರು. ಆದರೆ ಹೊಲಿಗೆ ಹಾಕಿದ ಜಾಗದಲ್ಲಿ ಕೀವು ಸೇರಿಕೊಂಡು ಜ್ವರ ಇಳಿಯಲೇ ಇಲ್ಲ. ಡಾಕ್ಟರನ್ನು ಕೇಳಿದರೆ "ನೋಡೋಣ" ಎನ್ನುತ್ತಿದ್ದರು.

ಸಂಜೆ ನೋಡಲು ಹೋದರೆ ಅಕ್ಕನ ಮೊದಲ ಮಾತು ಒಂದೇ. "ಗಿಡ ಹೇಗಿವೆ?"

"ನನಗಿಂತ ಚೆನ್ನಾಗಿವೆ."

"ಹೊಸದು?"

ಹೊಸದು ಎಂದರೆ ಅಕ್ಕ ತಾನೇ ಹುಟ್ಟಿಸಿದ ಗಿಡ. ನೇರಳೆ ಹೂವಿನ ಪರಾಗದ ಧೂಳನ್ನು ಬಿಳಿ ಅಂಚಿನ ಹೂವಿಗೆ ಸೋಕಿಸಿ, ಬೀಜ ಕಟ್ಟಿಸಿ, ಸಾಸಿವೆಗಿಂತ ಸಣ್ಣ ಆ ಬೀಜದಿಂದ ಬೆಳೆಸಿದ್ದು. ಈಗ ಮೊದಲ ಸಲ ಮೊಗ್ಗು ಹಿಡಿದಿತ್ತು. ಅದರ ಬಣ್ಣ ಯಾವುದೆಂದು ಯಾರೂ ಕಂಡಿರಲಿಲ್ಲ. "ಅದೊಂದನ್ನ ನೋಡ್ಬಿಟ್ರೆ ಸಾಕು ಕಣೆ" ಎಂದಳು ಅಕ್ಕ. ಎಂದೂ ಯಾರ ಮುಂದೆಯೂ ಏನನ್ನೂ ಬೇಡದ ಹೆಂಗಸು ಹಾಗೆಂದದ್ದು ಚಿಕ್ಕಮ್ಮನಿಗೆ ಹಿಡಿಸಲಿಲ್ಲ.

ಅದೇ ವಾರ ಎಕ್ಸ್‌ಚೇಂಜಿನ ಹಳೆಯ ಗೆಳತಿಯರು ದೊಡ್ಡದೊಂದು ಹೂಗುಚ್ಛ ತಂದಿದ್ದರು. ವಾರ್ಡಿನಲ್ಲಿ ಹೂವು ಇಡುವಂತಿಲ್ಲ ಎಂದು ನರ್ಸ್ ತಡೆದಳು. "ಮನೆಗೆ ತಗೊಂಡ್ಹೋಗಿ ನನ್ನ ಗಿಡಗಳ ಪಕ್ಕ ಇಡು, ಅವಕ್ಕೂ ಜೊತೆಯಾಗ್ಲಿ" ಎಂದಳು ಅಕ್ಕ. ಜನ್ಮದಲ್ಲಿ ಮೊದಲ ಸಲ ಚಿಕ್ಕಮ್ಮ ಎದುರಾಡದೆ ಅಕ್ಕ ಹೇಳಿದಂತೆ ಮಾಡಿದಳು.

ಹೂಗುಚ್ಛ ಬಾಡಿ ಅದನ್ನು ಎಸೆದ ಮೇಲೆ, ಒಂದು ಬೆಳಿಗ್ಗೆ ನೀರು ಹಾಕಲು ಹೋದಾಗ ವಯಲೆಟ್ ಹೂಗಳ ಮೇಲೆ ಹಳದಿ ಪುಡಿ ಚೆಲ್ಲಿತ್ತು. ಎಸಳುಗಳ ಮೇಲೆ ಬಸವನಹುಳು ಹರಿದಂಥ ಬೆಳ್ಳಿ ಗೆರೆ. ಗುಂಡಿಯ ತೂತು ನೋಡುವ ಭೂತಗನ್ನಡಿ ತಂದು ಬಗ್ಗಿದಳು. ಉಸಿರು ಹೂವಿಗೆ ತಾಗಿದ್ದೇ ತಡ, ಒಳಗಿಂದ ದಾರದ ಚೂರಿನಂಥವು ಸರಸರ ಹೊರಗೆ ಓಡಿದವು. ಒಂದು ಹೂವಲ್ಲ, ಒಂದು ಗಿಡವಲ್ಲ, ಊದಿದಲ್ಲೆಲ್ಲ ಅವೇ.

ಮೊದಲು ಸೋಪಿನ ನೀರು ಹೊಡೆದಳು. ಉಣ್ಣೆಯಂಥ ಎಲೆ ನೀರು ಹಿಡಿದಿಟ್ಟುಕೊಂಡಿತು. ಬಿಸಿಲು ಬಿದ್ದು ಇಸ್ತ್ರಿ ಸುಟ್ಟಂಥ ಕಲೆಗಳೆದ್ದವು. ಹೂಗಳು ಕಂದಿದವು, ಹುಳಕ್ಕೇನೂ ಆಗಲಿಲ್ಲ. ಬೇವಿನೆಣ್ಣೆ ತಂದಳು, ವಾಸನೆಗೆ ಇವಳೇ ಮನೆ ಬಿಟ್ಟು ಓಡುವಂತಾಯಿತು. ಕೊನೆಗೆ ರೋಸಿಹೋಗಿ ಜಿರಲೆಗೆ ಹೊಡೆಯುವ ಡಬ್ಬಿ ಎತ್ತಿಕೊಂಡು ಕೆಳಗಿನ ಸಾಲಿಗೆ ಬುಸ್ಸೆಂದು ಬಿಟ್ಟಳು. ಮರುದಿನ ಆ ಸಾಲೆಲ್ಲ ಬೇಯಿಸಿದ ಸೊಪ್ಪಿನಂತೆ ಕುಂಡದ ಮೇಲೆ ಮಲಗಿತ್ತು. ಅವಳು ತಲೆ ಮೇಲೆ ಕೈ ಹೊತ್ತು ಕೂತಳು. ಶಕುನ ಗಿಕುನ ನಂಬುವವಳಲ್ಲ. ಆದರೂ ಗಿಡ ಹೋದರೆ ಅಕ್ಕನೂ ಹೋಗುತ್ತಾಳೆ ಎಂಬ ಹುಚ್ಚು ಯೋಚನೆ ತಲೆಯೊಳಗೆ ಹೊಕ್ಕು ಹೊರಡಲೊಲ್ಲದು.

ಆ ಸಂಜೆ ಅಕ್ಕನ ತುಟಿ ಒಡೆದಿತ್ತು, ಕಣ್ಣು ಕೆಂಪಾಗಿತ್ತು. "ಗಿಡ?"

"ಚೆನ್ನಾಗಿವೆ, ಅಕ್ಕ."

"ಕುಹಕ ಇಲ್ದೆ ಉತ್ತರ ಕೊಡ್ತಿದೀಯ. ಏನೋ ಆಗಿದೆ."

"ಏನೂ ಇಲ್ಲ. ಸುಮ್ನೆ ಮಲ್ಕೊಳ್ಳಿ."

ಮರುದಿನ ಹೊಲಿಗೆ ಕೆಲಸ ಬದಿಗಿಟ್ಟು, ಹುಳ ಮುತ್ತಿದ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ನರ್ಸರಿಗೆ ಹೋದಳು. ನರ್ಸರಿಯವನು ಚೀಲ ಬಿಚ್ಚಲೂ ಇಲ್ಲ, ಬೆಳಕಿಗೆ ಹಿಡಿದು ವಾಪಸ್ ಕೊಟ್ಟ.

"ನುಸಿ. ಥ್ರಿಪ್ಸ್ ಅಂತಾರೆ. ಹೂವಿನ ಧೂಳು ತಿಂದು ಬದುಕ್ತವೆ. ಹೊರಗಿಂದ ಹೂವು ಏನಾದ್ರೂ ತಂದಿದ್ರಾ?"

"ತಂದಿದ್ದೆ."

"ಅದ್ರಲ್ಲೇ ಬಂದಿದೆ. ಹೂ ಬಿಟ್ಟಾಗ ಯಾವ ಔಷಧಿ ಹೊಡೆದ್ರೂ ಎಸಳಿನ ಸಂದಿಗೆ ಇಳಿಯಲ್ಲ, ಹೂವು ಸುಟ್ಟುಹೋಗುತ್ತೆ ಅಷ್ಟೆ. ಎಲ್ಲಾ ಹೂವೂ ಕಿತ್ತುಹಾಕಿ, ಮೊಗ್ಗೂ ಸೇರಿಸಿ. ಊಟ ಇಲ್ದೆ ಸಾಯ್ತವೆ. ಆಮೇಲೆ ಎಲೆಗೂ ಮಣ್ಣಿಗೂ ಔಷಧಿ. ಮತ್ತೆ ಮೊಗ್ಗು ಬಂದ್ರೆ ಮತ್ತೆ ಕೀಳಿ."

"ಒಂದೇ ಒಂದು ಗಿಡ ಬಿಟ್ರೆ?"

"ಅಲ್ಲಿಗೇ ಎಲ್ಲವೂ ಹೋಗಿ ಕೂತ್ಕೊಳ್ತವೆ."

ಮನೆಗೆ ಬಂದು ದಾರ ಕತ್ತರಿಸುವ ಸಣ್ಣ ಕತ್ತರಿ ಹಿಡಿದು ಕೂತಳು. ನೇರಳೆ, ಗುಲಾಬಿ, ಬಿಳಿ, ಎಲ್ಲವನ್ನೂ ಬುಡದಲ್ಲೇ ಕತ್ತರಿಸಿ ಚೀಲಕ್ಕೆ ತುಂಬಿದಳು. ಹೊಸ ಗಿಡದ ಮುಂದೆ ಬಂದಾಗ ಕೈ ನಿಂತಿತು. ಮೊಗ್ಗಿನ ತುದಿ ಬಿರಿಯಲು ಸಿದ್ಧವಾಗಿತ್ತು. ನರ್ಸರಿಯವನ ಮಾತು ಕೇಳಿಸಿಕೊಂಡಿದ್ದೂ ಕೇಳದವಳಂತೆ ಆ ಕುಂಡವನ್ನು ಎತ್ತಿ ತನ್ನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದಳು.

ನುಸಿಗೆ ಬಾಗಿಲೇನು ಲೆಕ್ಕ? ಸ್ವಲ್ಪ ದಿನಕ್ಕೆ ಆ ಮೊಗ್ಗು ಒಂದು ಪಕ್ಕ ಸೊಟ್ಟಗಾಗಿ ಅರಳತೊಡಗಿತು. ಊದಿ ನೋಡಿದರೆ ಒಳಗೆ ಅವೇ. ಕಿಟಕಿಯ ಗಿಡಗಳ ಹೊಸ ಮೊಗ್ಗುಗಳಲ್ಲೂ ಕಾಣಿಸಿಕೊಂಡವು. ಅವಳು ಅಳಲಿಲ್ಲ. ಕತ್ತರಿ ತಂದು ಆ ಹೂವನ್ನು ಕೊಯ್ದಳು, ಉಳಿದ ಮೊಗ್ಗುಗಳನ್ನೂ ಕತ್ತರಿಸಿಹಾಕಿದಳು. ಹೂವನ್ನು ಮಾತ್ರ ಗುಂಡಿಯ ಡಬ್ಬಿಯಲ್ಲಿ ಒದ್ದೆ ಹತ್ತಿಯ ಮೇಲಿಟ್ಟು, ಮುಚ್ಚಳ ಹಾಕಿ, ಸೆರಗಿನಲ್ಲಿ ಮರೆಮಾಡಿಕೊಂಡು ಆಸ್ಪತ್ರೆಗೆ ಒಯ್ದಳು.

ಅಕ್ಕ ಎರಡು ದಿಂಬಿಗೆ ಒರಗಿದ್ದಳು. ಚಿಕ್ಕಮ್ಮ ಡಬ್ಬಿ ಬಿಚ್ಚಿ ಅವಳ ಅಂಗೈಗಿಟ್ಟಳು. "ಎಲ್ಲಾ ಕಿತ್ತುಬಿಟ್ಟೆ ಅಕ್ಕ. ಒಂದೂ ಉಳಿಸಿಲ್ಲ. ನುಸಿ ಬಿದ್ದಿತ್ತು. ಕೆಳಗಿನ ಸಾಲನ್ನ ನಾನೇ ಸಾಯಿಸ್ದೆ."

ಅಕ್ಕ ಬಹಳ ಹೊತ್ತು ಹೂವನ್ನೇ ನೋಡಿದಳು. ಸೊಟ್ಟ ಹೂವು, ಮಾಮೂಲಿ ನೇರಳೆ.

"ಇಷ್ಟೇನಾ? ಇದಕ್ಕಾ ನಾನು ಜೀವ ಹಿಡ್ಕೊಂಡಿದ್ದು?"

ಅಕ್ಕ ಹೂವನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ಹೂಗುಚ್ಛದಿಂದ ಬಂತು, ಅಲ್ವಾ?"

"ಗೊತ್ತಿಲ್ಲ."

"ಸುಳ್ಳು ಹೇಳೋಕೂ ಬರಲ್ಲ ನಿನಗೆ. ನಾನೇ ಇಡು ಅಂದಿದ್ದೆ. ಯಾಕೆ ಹೇಳ್ಲಿಲ್ಲ?"

"ಮಲಗಿರೋರ ಮೇಲೆ ತಪ್ಪು ಹೊರಿಸ್ಲಾ? ಎದ್ದು ಬನ್ನಿ, ಆಮೇಲೆ ಜಗಳ ಆಡೋಣ."

ಅಕ್ಕ ನಗಲು ಹೋಗಿ ಹೊಲಿಗೆ ಹಿಡಿದುಕೊಂಡು ನರಳಿದಳು. ನರ್ಸ್ ಬಂದು ಚಿಕ್ಕಮ್ಮನನ್ನು ಹೊರಗೆ ಕಳಿಸಿದಳು.

ಜ್ವರ ಬಿಟ್ಟಿತು, ಆದರೆ ಹೋಗುವಾಗ ಅಕ್ಕನ ಅರ್ಧ ಜೀವ ತೆಗೆದುಕೊಂಡೇ ಹೋಯಿತು. ಮನೆಗೆ ಬಂದವಳು ಎಲುಬಿನ ಗೂಡು; ಇನ್ನೊಂದು ಸಲ ಕೊಯ್ಯಬೇಕಾಗಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಷ್ಟರಲ್ಲಿ, ಮಣ್ಣಿಗೆ ಔಷಧಿ ಸುರಿದೂ ಸುರಿದೂ ಬೇರು ಕೊಳೆತು ಹೊಸ ಗಿಡವೂ ಸತ್ತಿತ್ತು. ಚಿಕ್ಕಮ್ಮ ಹೊಸ್ತಿಲಲ್ಲೇ ಅದನ್ನೂ ಹೇಳಿಬಿಟ್ಟಳು. ಅಕ್ಕ ಬೈಯಲಿಲ್ಲ. ಅವಳು ಬೈಯದೆ ಕೂತದ್ದೇ ಚಿಕ್ಕಮ್ಮನಲ್ಲಿ ಹೆಚ್ಚು ಭಯ ಹುಟ್ಟಿಸಿತು.

ಮೂರು ದಿನ ಅಕ್ಕ ಕಿಟಕಿಯ ಕಡೆ ತಿರುಗಲಿಲ್ಲ. ನಾಲ್ಕನೆಯ ದಿನ ಕುರ್ಚಿಯಿಂದಲೇ ಬೆರಳು ತೋರಿಸಿದಳು. "ಆ ಬಿಳಿ ಅಂಚಿನದು ಬದುಕಿದೆಯಲ್ಲ. ಅದರ ಒಂದು ಎಲೆ ಕತ್ತರಿಸಿ ನೀರಿಗಿಡು, ಬೇರು ಬರುತ್ತೆ."

"ಹೂ ಬಿಡೋಕೆ?"

"ವರ್ಷ ಹಿಡಿಯುತ್ತೆ."

ಚಿಕ್ಕಮ್ಮ ಕತ್ತರಿ ತಂದು, ಗಿಡದ ಮುಂದೆ ನಿಂತುಬಿಟ್ಟಳು.

"ಅಷ್ಟು ದಿನ ಇರ್ತಾಳಾ ಇವಳು ಅಂತ ಯೋಚಿಸ್ತಿದೀಯ."

"ಇಲ್ಲ. ನಿಮ್ಮನ್ನ ಕಟ್ಕೊಂಡು ನಾನು ಅಷ್ಟು ದಿನ ಇರ್ತೀನಾ ಅಂತ."

"ಕಾಂಡ ಓರೆಯಾಗಿ ಕತ್ತರಿಸು. ಬಟ್ಟೆ ಅಂದ್ಕೊಂಡು ನೇರಕ್ಕೆ ಹೊಡೀಬೇಡ" ಎಂದಳು ಅಕ್ಕ. ಚಿಕ್ಕಮ್ಮ ಮೊದಲು ಎಲೆಯನ್ನು ಮಗುಚಿ, ಹಿಂಬದಿಗೆ ಬಾಯಿಂದ ಊದಿದಳು. ಏನೂ ಓಡಲಿಲ್ಲ. ಮತ್ತೊಮ್ಮೆ ಊದಿ ನೋಡಿ, ಕತ್ತರಿ ಆಡಿಸಿದಳು.