ತಾನಾಗಿ ಎದ್ದು ಬಂದ ನೀರು

ಮಸ್ತಾನ್ ಚಾಚಾ ನೆಲದ ಮೇಲೆ ಹಿತ್ತಾಳೆ ಲೋಟ ಬೋರಲು ಹಾಕಿ, ಅದರ ತಳಕ್ಕೆ ಕಿವಿ ಹಚ್ಚಿ ಮಲಗುತ್ತಿದ್ದರು. ಮೊದಲ ಸಲ ನೋಡಿದಾಗ, ಯಾರೋ ಮುದುಕ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಾನೆ ಎಂದುಕೊಂಡು ತಂಬಿಗೆ ನೀರು ಹಿಡಿದು ಓಡಿದೆ. "ಯಾರಪಾ ಇವಾ, ಅದಾನೋ ಸತ್ತಾನೋ" ಎಂದು ಬಾಯಿಂದ ಬಂತು. ಅವರು ಕಿವಿ ಎತ್ತದೆ, "ಇದ್ದೀನಿ ತಮ್ಮಾ. ಬೂಟಿನ ಸಪ್ಪಳ ಮಾಡಬ್ಯಾಡ. ಕೆಳಗ ನೀರ್ ಮಾತಾಡ್ಲತ್ತದ" ಎಂದರು. ಅಚ್ಚ ಬೀದರ ಕನ್ನಡ.

ನಾನು ವಿಜಾಪುರ ಜಿಲ್ಲೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ನಾಸಿಕ್‌ಗೆ ಬಂದು, ಒಬ್ಬ ಕಂತ್ರಾಟುದಾರರ ಹತ್ತಿರ ಸೂಪರ್‌ವೈಸರ್ ಆಗಿದ್ದೆ. ಎಂಬತ್ತರ ದಶಕದ ಕೊನೆಗೆ ಅವರು ಔರಂಗಾಬಾದಿನಲ್ಲಿ, ಎಂದರೆ ಈಗಿನ ಸಂಭಾಜಿನಗರದಲ್ಲಿ, ಹೋಟೆಲ್ ಕಟ್ಟುವ ಕೆಲಸ ಹಿಡಿದರು. ಮುಂದೆ ಹಳೆಯ ಹವೇಲಿ ಇದ್ದಂತೆಯೇ ದುರಸ್ತಿಯಾಗಬೇಕು. ಹಿಂದೆ ನಾಲ್ಕು ಅಂತಸ್ತಿನ ಹೊಸ ಕೋಣೆಗಳು, ಈಜುಕೊಳ. ಹವೇಲಿಯ ಅಂಗಳದಲ್ಲಿ ಎಂಟು ಮೂಲೆಯ ಕಲ್ಲಿನ ತೊಟ್ಟಿ, ನಡುವೆ ಒಣಗಿ ನಿಂತ ಕಾರಂಜಿ. ಹಿಂದೆ ಅದಕ್ಕೆ ಗುಡ್ಡದ ಕಡೆಯಿಂದ ನೆಲದೊಳಗಿನ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತಂತೆ. ಆ ಊರಲ್ಲಿ ಅದಕ್ಕೆ ನಹರ್ ಎನ್ನುತ್ತಾರೆ. ಚಾಚಾ ನಹರ್ ತಿದ್ದುವ ಮನೆತನದವರು. ಅವರ ತಂದೆ ಬೀದರಿನ ಸುರಂಗ ಬಾವಿಗಳಲ್ಲಿ ಕೆಲಸ ಕಲಿತು, ನಿಜಾಮರ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ್ದರು.

ಕೆಲಸದ ಜಾಗದ ನೀರನ್ನು ಚಾಚಾ ಮುಟ್ಟುತ್ತಿರಲಿಲ್ಲ. ತಮ್ಮ ಮಣ್ಣಿನ ಸುರಾಹಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದರು. ಚಹಾ ಕುಡಿದರೆ ಚಹಾದವನು ಯಾವ ನಲ್ಲಿಯ ನೀರು ಹಿಡಿದಿದ್ದಾನೆಂದು ಹೇಳುತ್ತಿದ್ದರು. ಹೇಳಿ ಅವನ ಜೊತೆ ಜಗಳವಾಡುತ್ತಿದ್ದರು. ಬೋರಿನ ನೀರೆಂದರೆ ಅವರಿಗೆ ಕನಿಕರ. "ಪಾಪ, ಇದು ಹೊಡದು ಎಬ್ಬಿಸಿದ ನೀರು. ನಿದ್ದಿಗಣ್ಣಾಗ ಬಂದದ. ನಹರಿನ ನೀರು ತಾನಾಗಿ ಎದ್ದು ಬರ್ತದ. ಅದರ ರುಚಿನೇ ಬ್ಯಾರೆ."

ನಾನು ಸಿಕ್ಕಿದ್ದು ಅವರಿಗೆ ಕನ್ನಡ ಸಿಕ್ಕಂತಾಗಿತ್ತು. ಮನೆಯಲ್ಲಿ ಯಾರ ಜೊತೆ ಮಾತಾಡ್ತೀರಿ ಎಂದು ಕೇಳಿದರೆ, "ಮಗಳಿಗಿ ಕನ್ನಡ ತಿಳೀತದ, ಬೈದ್ರ ಅಷ್ಟೇ" ಎಂದು ನಕ್ಕಿದ್ದರು.

ಇಂಜಿನಿಯರ್ ಸಾಹೇಬರು ಮೋಟಾರ್ ಹಚ್ಚಿ ಒಂದೇ ದಿನದಲ್ಲಿ ಕಾರಂಜಿ ಕುಣಿಸುತ್ತೇನೆ ಎಂದರು. ಹೋಟೆಲಿನ ಸೇಠರು ಚಾಚಾಗೆ ಎರಡು ತಿಂಗಳು ಕೊಟ್ಟು ನೋಡಿದರು. ಆ ಎರಡು ತಿಂಗಳು ಚಾಚಾ ಲೋಟ ಹಿಡಿದು ಓಣಿ ಓಣಿ ಮಲಗಿದರು. ಲೋಟದೊಳಗೆ ಸಪ್ಪಳ ನಿಂತಲ್ಲಿ ಅಗೆಸಿ, ಕೊಳವೆ ಹೊಕ್ಕಿದ್ದ ಬೇವಿನ ಬೇರು ಕಿತ್ತರು. ಒಡೆದಲ್ಲಿ ಹೊಸ ಕೊಳವೆ ಕೂರಿಸಿ ಸುಣ್ಣದ ಗಾರೆ ಮೆತ್ತಿದರು. ಕೊನೆಗೆ ಒಂದು ಮುಂಜಾನೆ ಮೇಲಿನ ನಹರಿನ ಬಾಯಿಗೆ ಒಂದು ಹಿಡಿ ಜೋಳದ ಹೊಟ್ಟು ಹಾಕಿ ಬಂದು ತೊಟ್ಟಿಯ ದಂಡೆಯಲ್ಲಿ ಕುಳಿತರು. ನಾನೂ ಕುಳಿತೆ. ಮೊದಲು ಕೊಳವೆಯಿಂದ ಗಾಳಿ ಬಂತು, ಆಮೇಲೆ ಕೆಸರು, ಆಮೇಲೆ ತಿಳಿನೀರು. ಊಟದ ಹೊತ್ತಿಗೆ ನೀರಿನ ಮೇಲೆ ಹೊಟ್ಟಿನ ನಾಲ್ಕು ಚೂರು ತೇಲಿದವು. ಚಾಚಾ ಅವನ್ನು ಬೆರಳಿಗೆ ಅಂಟಿಸಿಕೊಂಡು, "ಬಂದ್ರಿ ಏನು, ಹಾದಿ ತಪ್ಪಲಿಲ್ಲಲ್ಲಾ" ಎಂದು ನೆಂಟರನ್ನು ಕೇಳಿದಂತೆ ಕೇಳಿದರು.

ಕಾರಂಜಿ ಒಂದು ಗೇಣು ಎದ್ದಿತು, ಅಷ್ಟೇ. ಇಂಜಿನಿಯರ್ ಸಾಹೇಬರು ನಕ್ಕು, "ಬಸ್, ಇತನಾಹೀ?" ಎಂದರು. ಚಾಚಾ ನನ್ನ ಕಡೆ ತಿರುಗಿ, "ಇದು ಕುಣಿಲಿಕ್ಕ ಬಂದಿಲ್ಲಂತ ಹೇಳು. ನಮ್ಮ ಸಂಗಟ ಕುಂದ್ರಲಿಕ್ಕ ಬಂದದ" ಎಂದರು.

ಅಂಗಳದ ಕೆಲಸ ಮುಗಿದ ಮೇಲೆ ಅವರು ಕಣ್ಣಿನ ಆಪರೇಷನ್ನಿಗೆಂದು ಖುಲ್ತಾಬಾದಿನ ಮಗಳ ಮನೆಗೆ ಹೊರಟರು. ಹೊರಡುವ ಮೊದಲು ಹವೇಲಿಯ ಹಿಂದೆ ಕೊಳವೆ ಹೋದ ದಾರಿಗುಂಟ ಸುಣ್ಣ ಬಳಿದ ಏಳು ಕಲ್ಲು ನೆಟ್ಟರು. "ಈ ಕಲ್ಲಿನ ಬಾಜೂಕ ಗುದ್ದಲಿ ಬೀಳೂದಾದ್ರ ಕೆಲಸ ನಿಲ್ಲಿಸಿ ನನಗ ಕರಿ. ಕೊಳವಿ ತಿರುಗಿಸಿ ಕೊಡ್ತೀನಿ. ಕಣ್ಣು ಕಾಣಲಿಕ್ರೂ ಕೈಗಿ ಗೊತ್ತದ. ಮಾತು ಕೊಡು ತಮ್ಮಾ."

"ಕೊಟ್ಟೇನ್ರಿ ಚಾಚಾ" ಎಂದೆ.

ಮುಂದಿನದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ.

ಹೊಸ ನಕಾಶೆಯಲ್ಲಿ ಈಜುಕೊಳ ಎಂಟು ಅಡಿ ಹವೇಲಿಯ ಕಡೆ ಸರಿದಿತ್ತು. ಏಳು ಕಲ್ಲುಗಳಲ್ಲಿ ಮೂರು ಅಗೆಯುವ ಗೆರೆಯೊಳಗೆ ಬಂದವು. ಖುಲ್ತಾಬಾದ್ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮಷಿನ್ ನಿಲ್ಲಿಸಿ ಚಾಚಾರನ್ನು ಕರೆತಂದರೆ ಒಂದು ವಾರ ಹಿಡಿಯುತ್ತಿತ್ತು. ಮರುದಿನ ನಾನು ಮನ್ಮಾಡ್ ಮಾರ್ಗವಾಗಿ ನಾಸಿಕ್‌ಗೆ ಹೋಗುವವನಿದ್ದೆ. ದೀಪಾವಳಿ, ಹೆಂಡತಿ ಮಕ್ಕಳನ್ನು ನೋಡಿ ಮೂರು ತಿಂಗಳಾಗಿತ್ತು. ಕೆಲಸ ನಿಂತರೆ ರಜೆ ಇಲ್ಲ. ಕಲ್ಲು ಕೀಳೆಂದು ಯಾರೂ ನನಗೆ ಹೇಳಲಿಲ್ಲ. ಆ ಮೂರು ಕಲ್ಲನ್ನು ನಾನೇ ಕಿತ್ತು ಗೋಡೆಯ ಬದಿಗಿಟ್ಟೆ.

ಮಷಿನ್ನಿನ ಅಬ್ಬರದಲ್ಲಿ ಕೊಳವೆ ಒಡೆದದ್ದು ಕೇಳಿಸಲೇ ಇಲ್ಲ. ಕುಣಿಯೊಳಗೆ ತಿಳಿನೀರು ನಿಂತಾಗ ಗೊತ್ತಾಯಿತು. ಕೂಲಿ ಹೆಂಗಸರು ಇಳಿದು ಮುಖ ತೊಳೆದರು. ಒಬ್ಬಾಕೆ ಕುಡಿದು ನೋಡಿ, ಎಷ್ಟು ಸಿಹಿ ಎಂದು ಬೆರಗಾಗಿ, "ಕಿತೀ ಗೋಡ್ ಆಹೇ" ಎಂದು ತನ್ನ ಕೊಡ ತುಂಬಿಕೊಂಡಳು. ಮರುದಿನ ಸಂಜೆ ಕೊಳವೆಯ ಬಾಯಿಗೆ ಕಾಂಕ್ರೀಟ್ ತುಂಬಿಸಿ ರೈಲು ಹಿಡಿದೆ.

ಹಬ್ಬ ಮುಗಿಸಿ ಬಂದು ಕಾರಂಜಿಗೆ ಬೋರಿನ ನೀರು ಜೋಡಿಸಿದೆ. ನನ್ನದೇ ಕೈಯಿಂದ ಅಳೆದು, ಸರಿಯಾಗಿ ಒಂದು ಗೇಣು ಏಳುವಂತೆ ವಾಲ್ವ್ ತಿರುಗಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಹೋಟೆಲ್ ಶುರುವಾದ ಮೇಲೆ ಗೈಡ್ ಪರದೇಶದವರನ್ನು ತೊಟ್ಟಿಯ ಸುತ್ತ ನಿಲ್ಲಿಸಿ, ಮೋಟಾರ್ ಇಲ್ಲದೆ ಗುಡ್ಡದಿಂದ ಬರುವ ನೀರು ಎಂದು ವರ್ಣಿಸುತ್ತಿದ್ದ. ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ.

ಚಾಚಾರ ಆಪರೇಷನ್ ಫಲಿಸಲಿಲ್ಲ. ನೋಡಲು ಹೋದಾಗ ನನ್ನ ಬೂಟಿನ ಸಪ್ಪಳದಿಂದಲೇ ಗುರುತು ಹಿಡಿದರು. ಮಗಳು ಏನೋ ಹೇಳುತ್ತಿದ್ದರೂ ಕಿವಿಗೊಡಲಿಲ್ಲ, ನನ್ನ ಸಂಸಾರದ ಸುದ್ದಿ ಕೇಳಲಿಲ್ಲ. "ತೊಟ್ಟಿ ಹ್ಯಾಂಗದ?" ಎಂದರು.

"ಛಲೋ ಅದರಿ."

"ನಾ ಏನ್ ಇನ್ನ ಬರಂಗಿಲ್ಲ. ಮುಂದಿನ ಸಲ ಒಂದು ಬಾಟ್ಲಿ ನೀರು ತಾ. ರುಚಿ ನೋಡ್ತೀನಿ."

ಮುಂದಿನ ಸಲವೇ ಕೊನೆಯ ಸಲವಾಯಿತು. ಹೊರಡುವ ಮೊದಲು ಬಾಟಲಿ ಹಿಡಿದು ತೊಟ್ಟಿಯ ಮುಂದೆ ನಿಂತೆ. ಆ ನೀರು ತುಂಬುವ ಧೈರ್ಯವಾಗಲಿಲ್ಲ. ಸೈಕಲ್ ತೆಗೆದುಕೊಂಡು ಊರಾಚೆಗೆ, ಇನ್ನೂ ಹರಿಯುತ್ತಿದ್ದ ಬೇರೊಂದು ನಹರಿನ ಬಾಯಿಗೆ ಹೋಗಿ ತುಂಬಿಕೊಂಡು ಬಸ್ ಹತ್ತಿದೆ.

ಮಗಳು ಅವರನ್ನು ಎಬ್ಬಿಸಿ ದಿಂಬಿಗೆ ಒರಗಿಸಿದಳು. ಹಿತ್ತಾಳೆ ಲೋಟಕ್ಕೆ ಸುರಿದು ಕೊಟ್ಟೆ. ಒಂದು ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ನಲ್ಲಿ ನಲ್ಲಿಯ ನೀರು ಗುರುತಿಸುವ ಮನುಷ್ಯ.

ನುಂಗಿದರು. ಮುಖ ಅರಳಿತು. "ಇದೇ. ನೋಡು, ತಾನಾಗಿ ಎದ್ದು ಬಂದದ" ಎಂದರು. ಉಳಿದದ್ದನ್ನು ಸುರಾಹಿಗೆ ಹಾಕಿಡಲು ಮಗಳಿಗೆ ಹೇಳಿದರು. ಆಮೇಲೆ ಗಾಳಿಯಲ್ಲಿ ಕೈ ಆಡಿಸಿ ನನ್ನ ತಲೆ ಹುಡುಕಿ, ಅದರ ಮೇಲೆ ಕೈಯಿಟ್ಟರು.

"ನೀ ಇದ್ದಿ ಅಂತ ಉಳೀತು ತಮ್ಮಾ."

"ಹೌದ್ರಿ ಚಾಚಾ" ಎಂದೆ.